ಸಮುದ್ರವಿಲ್ಲದ ಊರಿನ ಬೀಚು

ಮಕ್ಕಳೇ, ಬೀಚ್ ಅಂದ ಕೂಡಲೇ ನಿಮಗೆ ಯಾವುದು ನೆನಪಾಗುತ್ತದೆ? ಕಾಸರಗೋಡಿನವರು ಬೇಕಲ ಎನ್ನುತ್ತೀರಿ. ಅಕ್ಕಲಕೋಟೆಯವರು, ಆದವಾನಿಯವರು, ತಾಳವಾಡಿಯವರು "ನಮ್ಮೂರಲ್ಲಿ ಸಮುದ್ರವೇ ಇಲ್ಲ, ಬೀಚ್ ಎಲ್ಲಿಂದ ಬರಬೇಕು?" ಅಂತ ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಸಮುದ್ರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿದ್ದೂ ಇಪ್ಪತ್ತಕ್ಕೂ ಹೆಚ್ಚು ಬೀಚುಗಳಿರುವ ಊರೊಂದಿದೆ. ಅದು ಅಮೆರಿಕದ ಶಿಕಾಗೊ. ಅಲ್ಲಿ ಮರಳಿದೆ, ಅಲೆ ಇದೆ, ಕಡಲಹಕ್ಕಿಗಳೂ ಇವೆ. ನೀರು ಮಾತ್ರ ಉಪ್ಪಲ್ಲ, ಸಿಹಿ! ಏಕೆಂದರೆ ಅದು ಸಮುದ್ರವಲ್ಲ, ಮಿಶಿಗನ್ ಸರೋವರ.

ಸರೋವರ ಅಂದರೆ ನಮ್ಮೂರ ಕೆರೆಯ ಹಾಗೆ ಎಂದುಕೊಳ್ಳಬೇಡಿ. ಅದರ ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ. ಇಡೀ ಕೇರಳ ರಾಜ್ಯದ ಸುಮಾರು ಒಂದೂವರೆ ಪಟ್ಟು! ಅತಿ ಆಳದ ಜಾಗದಲ್ಲಿ 281 ಮೀಟರ್. ಹತ್ತು ಸಾವಿರ ವರ್ಷಗಳಿಗೂ ಹಿಂದೆ, ಹಿಮಯುಗದ ಕೊನೆಯಲ್ಲಿ, ಆ ಪ್ರದೇಶವನ್ನು ಮುಚ್ಚಿದ್ದ ದಪ್ಪ ಮಂಜುಗಡ್ಡೆ ನೆಲವನ್ನು ಕೊರೆದು, ಬಂಡೆಗಳನ್ನು ಅರೆದು, ಕರಗಿ ಹಿಂದೆ ಸರಿಯಿತು. ಕೊರೆದ ತಗ್ಗಿನಲ್ಲಿ ನೀರು ನಿಂತಿತು. ಅರೆದ ಕಲ್ಲು ಮರಳಾಯಿತು.

ಟಿಕೆಟ್ ಇಲ್ಲದ ತಂಪು

ಶಿಕಾಗೊದ ಚಳಿಗಾಲದಲ್ಲಿ ಸರೋವರದ ಅಂಚು ಹೆಪ್ಪುಗಟ್ಟುತ್ತದೆ. ಆದ್ದರಿಂದ ಬೇಸಿಗೆ ಬಂತೆಂದರೆ ಅಲ್ಲಿಯವರಿಗೆ ಹಬ್ಬ. ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಬೀಚುಗಳು ಈಜಿಗೆ ತೆರೆದಿರುತ್ತವೆ. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಊರವರು, ಹೊರಗಿನವರು ಯಾರೂ ಹೋಗಬಹುದು. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಲೈಫ್‌ಗಾರ್ಡ್‌ಗಳು ಕಾವಲಿರುತ್ತಾರೆ.

ಮಧ್ಯಾಹ್ನ ಅಲ್ಲಿಗೆ ಹೋದರೆ ಮರಳು ಕಾಲು ಸುಡುತ್ತದೆ, ನೀರು ತಣ್ಣಗಿರುತ್ತದೆ. ಎರಡಕ್ಕೂ ಬಿದ್ದದ್ದು ಒಂದೇ ಬಿಸಿಲು ತಾನೇ? ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು, ಅಷ್ಟೇ ತೂಕದ ಮರಳಿಗೆ ಬೇಕಾದುದಕ್ಕಿಂತ ಸುಮಾರು ಐದು ಪಟ್ಟು ಶಾಖ ಬೇಕು. ಹಾಗಾಗಿ ನೆಲ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ ಏರುತ್ತದೆ, ಆ ಜಾಗಕ್ಕೆ ನೀರಿನ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಕಡಲಗಾಳಿಯ ಪಾಠವನ್ನು ಪುಸ್ತಕದಲ್ಲಿ ಓದಿದ್ದೀರಲ್ಲ? ಇಲ್ಲಿ ಅದೇ ಕೆಲಸವನ್ನು ಸರೋವರ ಮಾಡುತ್ತದೆ.

ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ

ಬೇಸಿಗೆಯಲ್ಲಿ ಬಾವಿಗೋ ಕೆರೆಗೋ ಇಳಿದವರಿಗೆ ಇದು ಗೊತ್ತಿರುತ್ತದೆ: ಎದೆಯ ತನಕ ನೀರು ಹಿತವಾಗಿರುತ್ತದೆ, ಪಾದಕ್ಕೆ ಮಾತ್ರ ಚಳಿ. ಬಿಸಿಲು ಕಾಯಿಸುವುದು ಮೇಲಿನ ನೀರನ್ನು. ಬೆಚ್ಚಗಿನ ನೀರು ಹಗುರ, ಅದು ಮೇಲೆಯೇ ತೇಲುತ್ತದೆ. ತಣ್ಣೀರು ಭಾರ, ತಳದಲ್ಲೇ ಉಳಿಯುತ್ತದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿಯೇ ಜನ ಮೇಲೆ ಈಜಾಡುವ ಜುಲೈ ತಿಂಗಳಲ್ಲೂ ಮಿಶಿಗನ್ ಸರೋವರದ ಆಳದ ತಳದಲ್ಲಿ ಹೆಚ್ಚುಕಡಿಮೆ ಅಷ್ಟೇ ಶೀತ ಇರುತ್ತದೆ.

ಈಗ ನೆಲದ ಕಡೆಯಿಂದ ನೀರಿನ ಕಡೆಗೆ ಜೋರು ಗಾಳಿ ಬೀಸಿತು ಅನ್ನಿ. ಮೇಲಿನ ಬೆಚ್ಚಗಿನ ಪದರ ದೂರ ಸರಿಯುತ್ತದೆ, ಅದರ ಜಾಗಕ್ಕೆ ಕೆಳಗಿನ ತಣ್ಣೀರು ಎದ್ದು ಬರುತ್ತದೆ. ನಿನ್ನೆ ಹಿತವಾಗಿದ್ದ ದಡ ಇವತ್ತು ನಡುಗಿಸುತ್ತದೆ. ತೀರಾ ತಣ್ಣಗಿನ ನೀರಿಗೆ ಥಟ್ಟನೆ ಬಿದ್ದರೆ ದೇಹ ತನ್ನಷ್ಟಕ್ಕೇ ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಒಳ್ಳೆಯ ಈಜುಗಾರನೂ ನೀರು ಕುಡಿಯುತ್ತಾನೆ.

ಶಾಂತವಾಗಿ ಕಾಣುವ ನೀರು ಇನ್ನೊಂದು ರೀತಿಯಲ್ಲೂ ಮೋಸ ಮಾಡಿದ್ದುಂಟು. 1954ರ ಜೂನ್ 26ರಂದು ಸರೋವರದ ಮೇಲೆ ಬಿರುಗಾಳಿಯೊಂದು ಹಾದುಹೋಯಿತು. ಅದು ತಳ್ಳಿದ ನೀರು ಆಚೆ ದಡಕ್ಕೆ ಬಡಿದು ತಿರುಗಿ ಬಂತು. ಅಷ್ಟರಲ್ಲಿ ಶಿಕಾಗೊದಲ್ಲಿ ಬಿರುಗಾಳಿ ನಿಂತಿತ್ತು, ಜನ ಮೀನು ಹಿಡಿಯುತ್ತ ನಿಂತಿದ್ದರು. ಸುಮಾರು ಮೂರು ಮೀಟರ್ ಎತ್ತರಕ್ಕೆ ಏರಿದ ನೀರು ಎಂಟು ಜನರನ್ನು ಬಲಿ ತೆಗೆದುಕೊಂಡಿತು.

ಹಕ್ಕಿ, ನಾಯಿ ಮತ್ತು ಬಾವುಟ

ನೀರು ತಿಳಿಯಾಗಿದ್ದರೆ ಶುದ್ಧ ಅಂತ ಅರ್ಥವೇ? ಇಲ್ಲ. ಬೀಚಿಗೆ ಬರುವ ಕಡಲಹಕ್ಕಿಗಳ ಹಿಕ್ಕೆಯಲ್ಲಿ ಕರುಳಿನ ಬ್ಯಾಕ್ಟೀರಿಯಗಳು ಇರುತ್ತವೆ. ಮಳೆ ಬಂದರೆ ದಡದ ಕೊಳೆಯೆಲ್ಲ ನೀರಿಗೆ. ಅಲ್ಲಿನ ಒಂದು ಬೀಚಿನಲ್ಲಿ ತರಬೇತಿ ಪಡೆದ ನಾಯಿಗಳನ್ನು ಬಿಟ್ಟು ಹಕ್ಕಿಗಳನ್ನು ಓಡಿಸಿ ನೋಡಿದರು. ನೀರಿನಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆ ಕಡಿಮೆಯಾಯಿತು!

ಹಳೆಯ ಪದ್ಧತಿಯಲ್ಲಿ ನೀರಿನ ಮಾದರಿಯಲ್ಲಿ ಬ್ಯಾಕ್ಟೀರಿಯ ಬೆಳೆಸಿ ಎಣಿಸಲು ಸುಮಾರು ಒಂದು ದಿನ ಬೇಕಿತ್ತು. ಅಂದರೆ ಇವತ್ತು ಈಜಿದವರಿಗೆ ಉತ್ತರ ಸಿಗುತ್ತಿದ್ದುದು ನಾಳೆ. ಈಗ ಡಿಎನ್ಎ ಪರೀಕ್ಷೆಯಿಂದ ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. ನೀರಿನ ಸ್ಥಿತಿ, ಅಲೆ, ಹವಾಮಾನ ನೋಡಿ ಬಾವುಟ ಏರಿಸುತ್ತಾರೆ. ಹಸಿರು ಇದ್ದರೆ ಈಜಬಹುದು, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಇಳಿಯಲೇಬಾರದು.

ಕಣ್ಣಿಗೆ ಕಾಣದ್ದನ್ನು ಅಳೆದು ಎಲ್ಲರಿಗೂ ಕಾಣುವ ಹಾಗೆ ಮಾಡುವುದೇ ಆ ಬಾವುಟದ ಕೆಲಸ.

ನಮ್ಮ ಕೆರೆಗೆ ಬಾವುಟ ಇಲ್ಲ

ಬೇಸಿಗೆ ರಜೆಯಲ್ಲಿ ನೀವೂ ನೀರಿಗಿಳಿಯುತ್ತೀರಿ. ಕೆರೆ, ಹೊಳೆ, ಕಾಲುವೆ, ತೋಟದ ಬಾವಿ, ಕಲ್ಲು ಕಡಿದು ಬಿಟ್ಟ ಹೊಂಡ, ಇವೇ ನಮ್ಮ ಬೀಚು. ಇವಕ್ಕೂ ಟಿಕೆಟ್ ಇಲ್ಲ. ಆದರೆ ಲೈಫ್‌ಗಾರ್ಡ್ ಕೂಡ ಇಲ್ಲ, ನೀರು ಅಳೆದು ಹೇಳುವವರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಇದು ಮೂರನೆಯ ದೊಡ್ಡ ಕಾರಣ. ನಿಮ್ಮದೇ ವಯಸ್ಸು, ಗಮನಿಸಿ. ಹಾಗಾಗಿ ಬಾವುಟದ ಕೆಲಸವನ್ನು ಸದ್ಯಕ್ಕೆ ನಮ್ಮ ತಲೆಯೇ ಮಾಡಬೇಕು.

*ಆಳ ಕಣ್ಣಿಗೆ ತಿಳಿಯುವುದಿಲ್ಲ.* ಬೆಳಕಿನ ವಕ್ರೀಭವನದಿಂದ ತಿಳಿನೀರಿನ ತಳ ಮೇಲೆ ಬಂದಂತೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೂ 12 ಅಡಿ ಆಳ 9 ಅಡಿಯಷ್ಟೇ ಅನ್ನಿಸುತ್ತದೆ.

*ತಳ ಸಮನಾಗಿರುವುದಿಲ್ಲ.* ಬೀಚಿನಲ್ಲಿ ನೆಲ ಮೆಲ್ಲಗೆ ಇಳಿಜಾರಾಗುತ್ತದೆ. ಹೂಳೆತ್ತಿದ ಕೆರೆಯಲ್ಲಿ, ಮರಳು ತೆಗೆದ ಹೊಳೆಯಲ್ಲಿ ಒಂದು ಹೆಜ್ಜೆಗೆ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟು. ಕಲ್ಲಿನ ಹೊಂಡಕ್ಕಂತೂ ಇಳಿಜಾರೇ ಇಲ್ಲ, ಗೋಡೆ ಹಿಡಿದು ಮೇಲೆ ಹತ್ತಲೂ ಆಗುವುದಿಲ್ಲ.

*ಸಿಹಿನೀರು ಕಡಿಮೆ ತೇಲಿಸುತ್ತದೆ.* ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ಶೇ. 2.5ರಷ್ಟು ಸಾಂದ್ರ. ಕಡಲಲ್ಲಿ ಸಲೀಸಾಗಿ ತೇಲುವವರು ಕೆರೆಯಲ್ಲೂ ಹಾಗೇ ತೇಲುತ್ತೇನೆ ಅಂದುಕೊಳ್ಳಬಾರದು.

ಈಜು ಕಲಿಯಬೇಡಿ ಅಂತ ನಾವು ಹೇಳುತ್ತಿಲ್ಲ. ಖಂಡಿತ ಕಲಿಯಿರಿ, ಆದರೆ ಈಜು ಬಲ್ಲ ದೊಡ್ಡವರ ಜೊತೆ. ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ. ಒಣಗಿದ ಸೋರೆಬುರುಡೆಯನ್ನೋ ಎರಡು ಒಣ ತೆಂಗಿನಕಾಯಿಯನ್ನೋ ಸೊಂಟಕ್ಕೆ ಕಟ್ಟಿಕೊಂಡು ಕಲಿತ ಕತೆ ಹೇಳಿಯಾರು.

ಯಾರಾದರೂ ಮುಳುಗುತ್ತಿದ್ದರೆ?

ಗೆಳೆಯ ಮುಳುಗುವುದನ್ನು ಕಂಡು ಇನ್ನೊಬ್ಬ ಹಾರುತ್ತಾನೆ, ಅವನನ್ನು ಹಿಡಿಯಲು ಮತ್ತೊಬ್ಬ. ಒಂದೇ ಮನೆಯ ಇಬ್ಬರು ಮೂವರು ಹೋಗುವುದು ಹೀಗೆಯೇ. ಮುಳುಗುವವರು ಸಿಕ್ಕಿದ್ದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ, ಉಳಿಸಲು ಹೋದವರನ್ನೂ ಬಿಡುವುದಿಲ್ಲ. ಆದ್ದರಿಂದ ನೀವು ನೀರಿಗೆ ಹಾರಬೇಡಿ. ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿಸಿ. ದಡದಲ್ಲಿ ಮಲಗಿ ಉದ್ದದ ಕೋಲು ಚಾಚಿ. ಹಗ್ಗ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಹತ್ತು ಲೀಟರಿನ ಖಾಲಿ ಕ್ಯಾನ್ ಪೂರ್ತಿ ಮುಳುಗಬೇಕಾದರೆ ಹತ್ತು ಕಿಲೋ ನೀರನ್ನು ಪಕ್ಕಕ್ಕೆ ತಳ್ಳಬೇಕು. ಮನುಷ್ಯನ ತಲೆಯ ತೂಕ ನಾಲ್ಕೈದು ಕಿಲೋ ಅಷ್ಟೇ. ಅಪ್ಪಿ ಹಿಡಿದರೆ ಮೂಗು ಬಾಯಿ ನೀರಿನ ಮೇಲೆ ಉಳಿಯಲು ಅದು ಸಾಕು. ಆರ್ಕಿಮಿಡೀಸನ ತತ್ವವನ್ನು ಪರೀಕ್ಷೆಗೆ ಮಾತ್ರ ಕಲಿಯುವುದಲ್ಲ, ಅಲ್ವಾ?

ಮಾಡಿ ನೋಡಿ

ಅಗಲವಾದ ಗಾಜಿನ ಪಾತ್ರೆ ಅಥವಾ ಪಾರದರ್ಶಕ ಡಬ್ಬಿಯಲ್ಲಿ ಮುಕ್ಕಾಲು ಭಾಗ ತಣ್ಣೀರು ತುಂಬಿ. ಬೆಚ್ಚಗಿನ ನೀರಿಗೆ ಎರಡು ಹನಿ ಶಾಯಿ ಹಾಕಿ, ಅದನ್ನು ಚಮಚದ ಮೇಲಿಂದ ಬಹಳ ನಿಧಾನವಾಗಿ ಸುರಿಯಿರಿ. ಬಣ್ಣ ಮೇಲೆಯೇ ಪದರವಾಗಿ ನಿಲ್ಲುತ್ತದೆ. ಈಗ ಒಂದು ಬದಿಯಿಂದ ಮೆಲ್ಲಗೆ ಊದಿ. ಊದಿದ ಬದಿಯಲ್ಲಿ ಬಣ್ಣದ ಪದರ ತೆಳುವಾಗಿ, ಎದುರು ಬದಿಗೆ ಸರಿಯುವುದನ್ನು ಗಮನಿಸಿ. ಮಿಶಿಗನ್ ದಡದಲ್ಲಿ ಗಾಳಿ ಮಾಡುವುದೂ ಇದನ್ನೇ.

ಇನ್ನೊಂದು ಕೆಲಸವಿದೆ. ನಿಮ್ಮ ಗುರುಗಳ ಜೊತೆ ಊರಿನ ನೀರಿನ ತಾಣಗಳ ನಕ್ಷೆ ಬರೆಯಿರಿ. ಯಾವುದು ಆಳ, ಎಲ್ಲಿ ಗುಂಡಿ, ಎಲ್ಲಿ ಮೆಟ್ಟಿಲಿದೆ ಎಂದು ಹಿರಿಯರನ್ನು ಕೇಳಿ ಗುರುತಿಸಿ. ಅಪಾಯದ ಜಾಗಕ್ಕೆ ಕೆಂಪು, ಎಚ್ಚರದ ಜಾಗಕ್ಕೆ ಹಳದಿ ಬಣ್ಣ ಹಚ್ಚಿ. ರಜೆ ಶುರುವಾಗುವ ಮೊದಲು ಅದನ್ನು ಶಾಲೆಯ ಗೋಡೆಗೆ ಅಂಟಿಸಿ. ಒಂದು ಪ್ರತಿಯನ್ನು ಪಂಚಾಯತಿಗೂ ಕೊಡಿ, ಹೊಂಡಕ್ಕೆ ಬೇಲಿ, ಕೆರೆಯ ದಡದಲ್ಲಿ ಒಂದು ಹಗ್ಗ ಮತ್ತು ಕ್ಯಾನ್ ಇಡಿಸಿ ಅಂತ ಕೇಳಿ.