ಗಾಯಕ್ಕೆ ನೀಲಗಿರಿ ಎಣ್ಣೆ ಹಚ್ಚೋದು ಸರಿಯಾ? ಬಾಟಲಿ ತೆರೆಯುವ ಮುನ್ನ ಇದನ್ನು ಓದಿ

ಕೈ ಕೊಯ್ದುಕೊಂಡರೆ, ಬೈಕಿಂದ ಬಿದ್ದು ಮೊಣಕಾಲು ತರಚಿದರೆ ನಮ್ಮಲ್ಲಿ ಮೊದಲು ನೆನಪಾಗೋದು ಅರಿಶಿನ, ತುಳಸಿ ರಸ, ಇಲ್ಲಾಂದ್ರೆ ಮನೆಯಲ್ಲಿರೋ ನೀಲಗಿರಿ ಎಣ್ಣೆ. ಈಗ ಅಂಗಡಿಗಳಲ್ಲಿ ಲವಂಗ, ಟೀ ಟ್ರೀ, ಲ್ಯಾವೆಂಡರ್ ಎಣ್ಣೆಗಳ ಚಿಕ್ಕ ಬಾಟಲಿಗಳೂ ಸಿಗುತ್ತವೆ. ಗಿಡದ್ದೇ ತಾನೆ, ಏನೂ ಆಗಲ್ಲ ಅಂತ ಹಸಿ ಗಾಯಕ್ಕೆ ನೇರವಾಗಿ ಸುರಿಯುವವರಿದ್ದಾರೆ. ತೊಂದರೆ ಶುರುವಾಗೋದೇ ಇಲ್ಲಿ.

ಎಲೆ ಬೇರೆ, ಎಣ್ಣೆ ಬೇರೆ

ಇವು ಎಲೆ, ಹೂವು, ಮೊಗ್ಗಿಗೆ ಹಬೆ ಹಾಯಿಸಿ ಇಳಿಸಿದ ಸುಗಂಧ ತೈಲಗಳು. 100 ಕೆ.ಜಿ. ನೀಲಗಿರಿ ಎಲೆಯಿಂದ ಸಿಗೋದು ಸುಮಾರು 1ರಿಂದ 2 ಕೆ.ಜಿ. ಎಣ್ಣೆ ಅಷ್ಟೇ. ಅಂದರೆ ಎಲೆಯ ಖಾರವೆಲ್ಲ ಕೆಲವೇ ಹನಿಗಳಲ್ಲಿ ಕೂತಿರುತ್ತದೆ.

ಆಯುರ್ವೇದದಲ್ಲಿ ಗಾಯಕ್ಕೆ ಹೇಳುವ ಜಾತ್ಯಾದಿ ತೈಲ ಈ ಜಾತಿಯದ್ದಲ್ಲ. ಅದು ಜಾಜಿ ಎಲೆ, ಬೇವು, ಅರಿಶಿನ ಮುಂತಾದವನ್ನು ಎಳ್ಳೆಣ್ಣೆಯಂಥ ಎಣ್ಣೆಯಲ್ಲಿ ಹಾಕಿ ಕಾಯಿಸಿದ್ದು. ಎರಡಕ್ಕೂ 'ತೈಲ' ಅನ್ನೋ ಹೆಸರಿದೆ ಅಂತ ಒಂದರ ಬದಲು ಇನ್ನೊಂದು ಹಚ್ಚಬಾರದು.

ಹಾಗಾದ್ರೆ ಗುಣವೇ ಇಲ್ವಾ?

ಇದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್, ಟೀ ಟ್ರೀ ಎಣ್ಣೆಯ ಅಂಶಗಳು ಪ್ರಯೋಗಾಲಯದಲ್ಲಿ ಕೀವು ಮಾಡುವ ರೋಗಾಣುಗಳನ್ನು ಕೊಲ್ಲುತ್ತವೆ. ಲ್ಯಾವೆಂಡರ್ ಎಣ್ಣೆ ಹಚ್ಚಿದ ಇಲಿಗಳ ಗಾಯ ಬೇಗ ಕೂಡಿದ್ದೂ ಕಂಡಿದೆ. ಆದರೆ ಗಾಜಿನ ತಟ್ಟೆಯಲ್ಲಿ ರೋಗಾಣು ಸಾಯೋದು ಬೇರೆ, ಮನುಷ್ಯರ ಗಾಯ ಮಾಯೋದು ಬೇರೆ. ದುರ್ಬಲಗೊಳಿಸದ ಎಣ್ಣೆ ರೋಗಾಣುವಿನ ಜೊತೆಗೆ ಹೊಸ ಚರ್ಮ ಕಟ್ಟುವ ಜೀವಕೋಶಗಳನ್ನೂ ಸುಡಬಹುದು. ಉರಿ, ಕೆಂಪು, ತುರಿಕೆ, ಬೊಬ್ಬೆ ಬಂದರೆ ಅದು 'ಮದ್ದು ಹಿಡೀತಿದೆ' ಅನ್ನೋ ಲಕ್ಷಣವಲ್ಲ.

ಗಾಯವಾದಾಗ ಏನು ಮಾಡಬೇಕು?

• ಮೊದಲು ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ, ಸುತ್ತಲಿನ ಚರ್ಮಕ್ಕೆ ಸೋಪು ಹಾಕಿ. ರಕ್ತ ಬರ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆಮೇಲೆ ಮುಚ್ಚಿ ಕಟ್ಟಿ.
• ತೆರೆದ ಗಾಯಕ್ಕೆ, ಸುಟ್ಟ ಗಾಯಕ್ಕೆ ಸುಗಂಧ ತೈಲ ಬೇಡ. ಗಾಯವಿಲ್ಲದ ಚರ್ಮಕ್ಕೆ ಹಚ್ಚುವುದಾದರೂ ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ 1 ಹನಿ ಸಾಕು.
• ಮಣ್ಣು, ಸಗಣಿ, ತುಕ್ಕು ತಾಗಿದ ಗಾಯವಾದರೆ ಆಸ್ಪತ್ರೆಗೆ ಹೋಗಿ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಯಾವ ಎಣ್ಣೆಯೂ ಅದರ ಬದಲಿಗೆ ಬರಲ್ಲ.
• ಶುಗರ್ ಇರುವವರು ಕಾಲಿನ ಸಣ್ಣ ಗಾಯವನ್ನೂ ಮನೆಮದ್ದಿಗೆ ಬಿಡದೆ ವೈದ್ಯರಿಗೆ ತೋರಿಸಿ.

ಅಂಗಡಿಯವರ ಗಮನಕ್ಕೆ

ಲೇಬಲ್ ಇಲ್ಲದ ಬಿಡಿ ಎಣ್ಣೆಯನ್ನು ಗಾಯದ ಮದ್ದು ಅಂತ ಕೊಡಬೇಡಿ. ಕುಡಿಯುವಂಥದ್ದಲ್ಲ, ಮಕ್ಕಳ ಕೈಗೆ ಸಿಗಬಾರದು ಅಂತ ಬಾಯಿಬಿಟ್ಟು ಹೇಳಿ. ನೀಲಗಿರಿ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ಹಾಗೇನಾದ್ರೂ ಆದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.