ಮೈಮೇಲೆ ಗುಳ್ಳೆ ಎದ್ದಾಗ

ಉಷ್ಣವಲಯದ ನಾಡುಗಳಲ್ಲಿ ಜ್ವರದೊಡನೆ ಮೈಮೇಲೆ ಗುಳ್ಳೆ ಅಥವಾ ದದ್ದುಗಳೇಳುವ ಅಂಟುರೋಗಗಳು ಹಲವು. ನಮ್ಮ ಹಿರಿಯರು ಇವುಗಳಲ್ಲಿ ಕೆಲವನ್ನು ‘ಅಮ್ಮ’ ಎಂಬ ಒಂದೇ ಹೆಸರಿನಿಂದ ಕರೆದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ಹರಕೆ ಹೊತ್ತರು. ಕಾರಣ ತಿಳಿಯದ ಕಾಲದಲ್ಲಿ ಭಕ್ತಿಯೇ ಅವರಿಗೆ ಆಸರೆಯಾಗಿತ್ತು. ಆದರೆ ಕುರುಹು ಒಂದೇ ಬಗೆಯದಾಗಿ ಕಂಡರೂ ಈ ರೋಗಗಳು ಬೇರೆ ಬೇರೆ. ಅವು ಹರಡುವ ಹಾದಿಗಳೂ ಬೇರೆ ಬೇರೆ. ಹಾದಿಯನ್ನು ಅರಿಯದೆ ರೋಗವನ್ನು ತಡೆಯಲಾಗದು.

ದಡಾರವನ್ನು ನೋಡೋಣ. ಮೊದಲು ಜ್ವರ, ಕೆಮ್ಮು, ನೆಗಡಿ ಬಂದು ಕಣ್ಣುಗಳು ಕೆಂಪೇರುತ್ತವೆ. ಕೆಲವು ದಿನಗಳ ತರುವಾಯ ಮುಖದಲ್ಲಿ ಮೂಡಿದ ಕೆಂಪು ದದ್ದುಗಳು ಮೈಗೆಲ್ಲ ಹರಡುತ್ತವೆ. ಇದರ ವೈರಾಣು ಗಾಳಿಯಲ್ಲಿ ಸಂಚರಿಸುತ್ತದೆ. ರೋಗಿಯು ಕೊಠಡಿಯಿಂದ ಹೊರಹೋದ ಮೇಲೂ ಸುಮಾರು 2 ಗಂಟೆಗಳವರೆಗೆ ಅಲ್ಲಿ ಉಳಿಯಬಲ್ಲದು. ಸರಿಯಾದ ಪೋಷಣೆಯಿಲ್ಲದ ಎಳೆಯ ಮಕ್ಕಳಿಗೆ ಇದು ಪ್ರಾಣಾಂತಕವಾಗಬಹುದು. ನಮ್ಮ ದೇಶದಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, ಎರಡನೆಯ ವರ್ಷದಲ್ಲಿ ಮತ್ತೊಮ್ಮೆ ಹಾಕುವ ಲಸಿಕೆಯೇ ಇದಕ್ಕೆ ತಡೆ.

ಡೆಂಗೆ ಜ್ವರದಲ್ಲಿಯೂ ಕೆಂಪು ದದ್ದುಗಳು ಕಾಣಿಸಿಕೊಳ್ಳುವುದುಂಟು. ಆದರೆ ಅದು ಉಸಿರಿನಿಂದ ಅಂಟುವುದಿಲ್ಲ. ಕಾಲುಗಳಲ್ಲಿ ಬಿಳಿಯ ಪಟ್ಟೆಗಳಿರುವ ಈಡಿಸ್ ಸೊಳ್ಳೆಯು ಅದನ್ನು ಹರಡುತ್ತದೆ. ಈ ಸೊಳ್ಳೆಯು ಹೆಚ್ಚಾಗಿ ಹಗಲಿನಲ್ಲಿ ಕಚ್ಚುತ್ತದೆ. ನೀರಿನ ತೊಟ್ಟಿ, ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರು ಮುಂತಾದವುಗಳಲ್ಲಿ ನಿಂತ ನೀರೇ ಅದರ ತವರು. ಮೊಟ್ಟೆಯು ಸೊಳ್ಳೆಯಾಗಿ ಬೆಳೆಯಲು ಒಂದು ವಾರ ಅಥವಾ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ತಿಕ್ಕಿ ಒಣಗಿಸಬೇಕು. ಡೆಂಗೆಯಲ್ಲಿ ಜ್ವರ ಇಳಿಯುವ ಸಮಯವೇ ಅಪಾಯದ ಸಮಯವೂ ಆಗಬಹುದು. ಆಗ ತೀವ್ರವಾದ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್ ಮಾತ್ರೆಯು ರಕ್ತಸ್ರಾವವನ್ನು ಹೆಚ್ಚಿಸಬಲ್ಲದಾದುದರಿಂದ ಅದನ್ನು ನುಂಗಬಾರದು.

ಹಾದಿಯನ್ನು ಅರಿತರೆ ಏನನ್ನು ಸಾಧಿಸಬಹುದೆಂಬುದಕ್ಕೆ ಸಿಡುಬಿನ ಇತಿಹಾಸವೇ ಸಾಕ್ಷಿ. ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಈ ರೋಗವು ಬದುಕುಳಿದವರ ಮುಖದಲ್ಲಿ ಕುಳಿಗಳನ್ನು ಬಿಟ್ಟುಹೋಗುತ್ತಿತ್ತು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಇದಕ್ಕೆ ಲಸಿಕೆಯನ್ನು ಪ್ರಯೋಗಿಸಿದನು. 1802ರಲ್ಲಿ ಅದು ಭಾರತಕ್ಕೆ ಬಂದಿತು. ‘ದೇವಿ ಹಾಕುವುದು’ ಎಂದು ನಮ್ಮ ಜನ ಅದಕ್ಕೆ ಹೆಸರಿಟ್ಟರು. ಸಿಡುಬಿನ ವೈರಾಣುವಿಗೆ ಮನುಷ್ಯನಲ್ಲದೆ ಬೇರೆ ನೆಲೆಯಿರಲಿಲ್ಲ. ರೋಗಿಯನ್ನು ಅವನ ಗುಳ್ಳೆಗಳೇ ತೋರಿಸಿಕೊಡುತ್ತಿದ್ದವು. ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿದರು. ಅವರನ್ನು ಪ್ರತ್ಯೇಕವಾಗಿರಿಸಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಭಾರತದಲ್ಲಿ 1975ರ ಮೇ ತಿಂಗಳೇ ಸಿಡುಬಿಗೆ ಕೊನೆಯಾಯಿತು. ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಭೆಯು 1980ರ ಮೇ 8ರಂದು ಸಾರಿತು.

ಸೊಳ್ಳೆಯ ಮೇಲೆ ಅಂತಹ ಜಯ ಇನ್ನೂ ದೊರೆತಿಲ್ಲ. ಆದರೆ ದಡಾರದ ಹಾದಿಗೆ ಲಸಿಕೆಯನ್ನು ಅಡ್ಡವಿಡುವುದೂ, ಡೆಂಗೆಯ ಹಾದಿಯನ್ನು ಬರಿದಾದ ತೊಟ್ಟಿಯಿಂದ ಮುಚ್ಚುವುದೂ ಪ್ರತಿಯೊಂದು ಮನೆಯ ಕೈಯಲ್ಲಿದೆ. ಗುಳ್ಳೆಯನ್ನು ಕಂಡು ಹೆದರುವುದಕ್ಕಿಂತ, ಅದು ಯಾವ ಹಾದಿಯಿಂದ ಬಂದಿತೆಂದು ವೈದ್ಯರಿಂದ ತಿಳಿದುಕೊಳ್ಳುವುದೇ ವಿವೇಕ.