ಉಳಿದ ಓವರ್, ಉಳಿದ ವಿಕೆಟ್

ಫೋನಿನಲ್ಲಿ ಆಡುವ ಕ್ರಿಕೆಟ್ಟಿನಿಂದ ವ್ಯವಹಾರ ಕಲಿಯಬಹುದು ಎಂದರೆ ಶ್ರೀರಂಗಪಟ್ಟಣದ ಹೋಟೆಲಿನವರೂ ಪಾಂಡವಪುರದ ಆಲೆಮನೆಯವರೂ ನಕ್ಕಾರು. ಆ ನಗೆಯಲ್ಲಿ ಅರ್ಧ ನ್ಯಾಯವಿದೆ. ಇಂಥ ಪಾಠದ ಹೆಸರಿನಲ್ಲಿ ಸಾಮಾನ್ಯವಾಗಿ ಹೇಳುವುದು ನಾಯಕತ್ವ, ಹುಮ್ಮಸ್ಸು, ಛಲ ಮೊದಲಾದ ದೊಡ್ಡ ಮಾತುಗಳನ್ನು. ಹೆಬ್ಬೆರಳಿನಲ್ಲಿ ಪರದೆ ಒತ್ತುವವನಿಗೆ ಮುನಿಸಿಕೊಳ್ಳುವ ಕೆಲಸಗಾರನಿಲ್ಲ, ಬಾಕಿ ಕೇಳಲು ಬಾಗಿಲಿಗೆ ಬರುವ ಸಾಲಗಾರನಿಲ್ಲ. ಅವನು ಎಂಥ ನಾಯಕ? ಚೆನ್ನೈನ ನೆಕ್ಸ್ಟ್‌ವೇವ್ ಸಂಸ್ಥೆ ರೂಪಿಸಿದ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’ನಂಥ ಆಟಗಳು ನಿಜವಾಗಿ ಕಲಿಸುವುದು ಒಂದೇ ಒಂದು ಲೆಕ್ಕ. ಕೈಯಲ್ಲಿರುವ ಎರಡು ಬಗೆಯ ಬಂಡವಾಳ ಬೇರೆ ಬೇರೆ ವೇಗದಲ್ಲಿ ಕರಗುತ್ತಿರುವಾಗ, ಯಾವುದನ್ನು ಉಳಿಸಬೇಕು, ಯಾವುದನ್ನು ಧಾರಾಳವಾಗಿ ಖರ್ಚು ಮಾಡಬೇಕು ಎಂಬ ಲೆಕ್ಕ ಅದು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅದು ಕೆಲವು ಕಸುಬುಗಳಿಗೆ ಚೆನ್ನಾಗಿ ಒದಗುತ್ತದೆ, ಕೆಲವಕ್ಕೆ ಒದಗುವುದೇ ಇಲ್ಲ.

ಈ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದನ್ನು ಕ್ರಿಕೆಟ್ ಆಡಳಿತವೇ ತಡವಾಗಿ ಅರಿತಿತು. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಸಿಡ್ನಿಯಲ್ಲಿ, ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ರನ್ ಬೇಕಿದ್ದಾಗ ಮಳೆ ಬಂತು. ಮಳೆ ನಿಂತು ಮತ್ತೆ ಆಡಲು ಇಳಿದಾಗ ಉಳಿದದ್ದು ಒಂದು ಎಸೆತ, ಬೇಕಾದದ್ದು 21 ರನ್. ಅಂದಿನ ನಿಯಮ ಓವರ್‌ಗಳನ್ನು ಎಣಿಸುತ್ತಿತ್ತು, ವಿಕೆಟ್ಟುಗಳನ್ನು ಎಣಿಸುತ್ತಿರಲಿಲ್ಲ. ಫ್ರಾಂಕ್ ಡಕ್‌ವರ್ತ್ ಮತ್ತು ಟೋನಿ ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರ ವಿಧಾನ 1997ರಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ಪಂದ್ಯದಲ್ಲಿ ಬಳಕೆಗೆ ಬಂದದ್ದು ಈ ಕೊರತೆಯನ್ನು ತುಂಬಲು. ಅವರ ಕೋಷ್ಟಕದಲ್ಲಿ 50 ಓವರ್ ಮತ್ತು 10 ವಿಕೆಟ್ ಸೇರಿದರೆ ನೂರು. 40 ಓವರ್ ಬಾಕಿಯಿದ್ದು ಒಂದೂ ವಿಕೆಟ್ ಬೀಳದಿದ್ದರೆ ತಂಡದ ಕೈಯಲ್ಲಿ 89.3 ಪಾಲು ಉಳಿದಿದೆ. ಅಷ್ಟೇ ಓವರ್ ಬಾಕಿಯಿದ್ದು ನಾಲ್ಕು ವಿಕೆಟ್ ಹೋಗಿದ್ದರೆ 59.5. ಕೊನೆಯ ಐದು ಓವರ್‌ಗೆ ಬನ್ನಿ. ವಿಕೆಟ್ ಬೀಳದಿದ್ದರೆ 17.2, ನಾಲ್ಕು ಬಿದ್ದಿದ್ದರೆ 16.1. ಮೊದಲಲ್ಲಿ ಸುಮಾರು 30 ಪಾಲು ಬೆಲೆಬಾಳುತ್ತಿದ್ದ ಅದೇ ನಾಲ್ಕು ವಿಕೆಟ್ಟುಗಳು ಕೊನೆಯಲ್ಲಿ ಒಂದು ಪಾಲಿಗೆ ಇಳಿದಿವೆ. ವಿಕೆಟ್ಟಿಗೆ ಸ್ವಂತ ಬೆಲೆ ಎಂಬುದಿಲ್ಲ. ಮುಂದೆ ಎಷ್ಟು ಹೊತ್ತು ಉಳಿದಿದೆ ಎಂಬುದೇ ಅದರ ಬೆಲೆ.

ಫೋನಿನ ಆಟದಲ್ಲಿ ಈ ಕೋಷ್ಟಕವನ್ನು ಯಾರೂ ಓದಿಸುವುದಿಲ್ಲ, ಆದರೂ ಅದು ಬೆರಳಿಗೆ ಇಳಿಯುತ್ತದೆ. ಐದು ಓವರಿನ ಪಂದ್ಯದಲ್ಲಿ ಹತ್ತು ವಿಕೆಟ್ ಜೋಪಾನ ಮಾಡಿಕೊಂಡವನು ಸೋಲುತ್ತಾನೆ; 20 ಓವರಿನ ಪಂದ್ಯವನ್ನು ಅದೇ ರಭಸದಲ್ಲಿ ಆಡಿದವನು ಎಂಟನೇ ಓವರಿಗೇ ಆಟ ಮುಗಿಸಿ ಕೂರುತ್ತಾನೆ. ಈಗ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಬನ್ನಿ. ವೈರಮುಡಿ ಜಾತ್ರೆಗೆ ಅಂಗಡಿ ಹಾಕುವವನದು ಐದು ಓವರಿನ ಪಂದ್ಯ. ಜಾತ್ರೆ ಮುಗಿದ ಮೇಲೆ ಉಳಿದ ಸರಕು, ಕೂತು ಕಳೆದ ಆಳು, ಪೆಟ್ಟಿಗೆಯಲ್ಲೇ ಇದ್ದ ಹಣ ಎಲ್ಲವೂ ಬಳಸದೆ ಉಳಿದ ವಿಕೆಟ್ಟುಗಳೇ. ಅಲ್ಲಿ ಇನ್ನೊಬ್ಬ ಆಳಿಗೆ ಕೂಲಿ ಕೊಡಲು ಹಿಂದೆಮುಂದೆ ನೋಡುವುದು ಜಿಪುಣತನವಲ್ಲ, ಲೆಕ್ಕ ತಪ್ಪಿದ್ದು. ಅವನದೇ ಕುಟುಂಬ ಶ್ರೀರಂಗಪಟ್ಟಣದಲ್ಲಿ ವರ್ಷವಿಡೀ ನಡೆಸುವ ಹೋಟೆಲ್ ಬೇರೆ ಪಂದ್ಯ. ದಸರಾ ಜನಸಂದಣಿಯಲ್ಲಿ ದರ ಏರಿಸಿ, ಸಾಂಬಾರಿಗೆ ನೀರು ಬೆರೆಸಿ ಹಣ ಗಳಿಸುವುದು ಖಾಯಂ ಗಿರಾಕಿಯ ನಂಬಿಕೆ ಎಂಬ ವಿಕೆಟ್ಟನ್ನು ಮೂರನೇ ಓವರಿನಲ್ಲೇ ಒಪ್ಪಿಸಿದಂತೆ.

ಆಲೆಮನೆಯಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. ಕಡಿದ ಕಬ್ಬು ಕಾದಷ್ಟೂ ತೂಕ ಇಳಿಯುತ್ತದೆ, ಸಿಹಿ ಕೆಡುತ್ತದೆ. ಹಿಂಡಿದ ಕಬ್ಬಿನ ಹಾಲು ಅದಕ್ಕಿಂತ ಬೇಗ ಹುಳಿಯಾಗುತ್ತದೆ. ಹಾಗಾಗಿ ಕಟಾವಿನವರು, ಗಾಣ, ಕೊಪ್ಪರಿಗೆ, ಒಲೆಗೆ ಬೇಕಾದ ಒಣಗಿದ ಸಿಪ್ಪೆ, ಪಾಕದ ಹದ ಬಲ್ಲ ಕೈ ಇವಿಷ್ಟೂ ಒಂದೇ ಹೊತ್ತಿಗೆ ಕೂಡಬೇಕು. ಮಾಲೀಕನ ಓವರುಗಳು ಎಂದರೆ ಹಂಗಾಮಿನ ದಿನಗಳು. ಅವನ ವಿಕೆಟ್ಟುಗಳು ಎಂದರೆ ಮುಂಗಡ ಕೊಟ್ಟು ಕರೆತಂದ ಕೆಲಸಗಾರರು, ಮಂಡಿಯಲ್ಲಿ ಅವನ ಬೆಲ್ಲಕ್ಕಿರುವ ಹೆಸರು. ಹಂಗಾಮಿನ ಆರಂಭದಲ್ಲೇ ಹದ ಬಲ್ಲವನೊಂದಿಗೆ ಜಗಳ ಮಾಡಿಕೊಂಡು ಕಳಿಸಿದರೆ ಆದ ನಷ್ಟವೇ ಬೇರೆ, ಕೊನೆಯ ವಾರ ಅವನು ಊರಿಗೆ ಹೊರಟರೆ ಆಗುವ ನಷ್ಟವೇ ಬೇರೆ. ಎರಡಕ್ಕೂ ಒಂದೇ ಕೋಪ, ಒಂದೇ ದಂಡ ಎನ್ನುವ ಮಾಲೀಕನಿಗೆ ಆ ಕೋಷ್ಟಕ ತಿಳಿದಿಲ್ಲ.

ಇದನ್ನು ಕಲಿಯಲು ಆಟವೇಕೆ, ಅಪ್ಪನ ಆಲೆಮನೆ ಸಾಲದೇ ಎಂಬುದು ಗಟ್ಟಿಯಾದ ಆಕ್ಷೇಪ. ಉತ್ತರ ಸಂಖ್ಯೆಯಲ್ಲಿದೆ. ಹಂಗಾಮು ವರ್ಷಕ್ಕೊಮ್ಮೆ ಬರುತ್ತದೆ, ಫೋನಿನ ಪಂದ್ಯ ಒಂದು ಸಂಜೆಗೆ ಹತ್ತು ಬಾರಿ ಮುಗಿಯುತ್ತದೆ. ಹತ್ತು ಬಾರಿ ಆಡಿದಾಗಲೇ ಸರಿಯಾದ ಹೊಡೆತಕ್ಕೂ ಕೆಲವೊಮ್ಮೆ ಕ್ಯಾಚ್ ಹೋಗುತ್ತದೆ, ಹುಚ್ಚು ಹೊಡೆತವೂ ಕೆಲವೊಮ್ಮೆ ಸಿಕ್ಸರ್ ಆಗುತ್ತದೆ ಎಂಬುದು ಕಣ್ಣಿಗೆ ಕಾಣುವುದು. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಒಂದೇ ನಿರ್ಧಾರವನ್ನು ಜನ ಫಲ ಒಳ್ಳೆಯದಾದರೆ ಜಾಣತನವೆಂದೂ ಕೆಟ್ಟದಾದರೆ ದಡ್ಡತನವೆಂದೂ ಅಳೆಯುತ್ತಾರೆ. ಒಂದು ವರ್ಷ ಟೊಮೆಟೊ ಬೆಲೆ ಏರಿ ಲಾಭ ಕಂಡವನನ್ನು ನೋಡಿ ಮರುವರ್ಷ ಊರೆಲ್ಲ ಟೊಮೆಟೊ ಹಾಕುವುದು ಈ ತಪ್ಪಿನಿಂದಲೇ.

ಆದರೆ ಅದೇ ಸಂಖ್ಯೆ ಆಟದ ಮಿತಿಯನ್ನೂ ಹೇಳುತ್ತದೆ. ಡೇನಿಯಲ್ ಕಾನ್ಮನ್ ಮತ್ತು ಗ್ಯಾರಿ ಕ್ಲೈನ್ 2009ರ ಜಂಟಿ ಲೇಖನದಲ್ಲಿ ಅನುಭವಿಯ ಒಳಮನಸ್ಸಿನ ತೀರ್ಪನ್ನು ನಂಬಲು ಎರಡು ಷರತ್ತು ಇಟ್ಟರು: ಆ ಕ್ಷೇತ್ರಕ್ಕೆ ಒಂದು ಕ್ರಮ ಇರಬೇಕು, ಮತ್ತು ಮಾಡಿದ್ದರ ಫಲ ಕಂಡು ಕಲಿಯಲು ಸಾಕಷ್ಟು ಅವಕಾಶ ಸಿಗಬೇಕು. ಕೊಪ್ಪರಿಗೆಯ ಪಾಕ ಕೆಲವೇ ಗಂಟೆಯಲ್ಲಿ ತೀರ್ಪು ಕೊಡುತ್ತದೆ, ಡೇರಿಯಲ್ಲಿ ಹಾಲಿನ ಕೊಬ್ಬಿನಂಶ ಬೆಳಿಗ್ಗೆಯೇ ತಿಳಿಯುತ್ತದೆ, ರೇಷ್ಮೆಹುಳು ತಿಂಗಳೊಳಗೆ ಗೂಡು ಕಟ್ಟುತ್ತದೆ. ಹೊಲದ ಕಬ್ಬಾದರೋ ಸುಮಾರು ಒಂದು ವರ್ಷ ತೆಗೆದುಕೊಳ್ಳುತ್ತದೆ. ನಾಗಮಂಗಲದಲ್ಲಿ ಇಂದು ನೆಟ್ಟ ನಾಟಿ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಅಲ್ಲಿ ಫೋನಿನ ಆಟದ ಚುರುಕು ಹಾನಿಯನ್ನೇ ತರುತ್ತದೆ. ಎರಡನೇ ವರ್ಷವೇ ಬೇಸತ್ತು ಸಸಿ ಕೀಳುವವನು ಆಟದ ಅಭ್ಯಾಸವನ್ನು ತೋಟಕ್ಕೆ ತಂದವನು.

ನಿಯಮ ಬದಲಾಗುವುದಿಲ್ಲ ಎಂಬುದು ಆಟದ ಇನ್ನೊಂದು ಸುಳ್ಳು. 2023ರಲ್ಲಿ ಮುಂಗಾರು ಕೈಕೊಟ್ಟು, 124.80 ಅಡಿಯ ಕೃಷ್ಣರಾಜಸಾಗರ ತುಂಬದೆ, ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶಗಳು ಬಂದಾಗ ವಿಶ್ವೇಶ್ವರಯ್ಯ ನಾಲೆಯ ರೈತನ ಓವರುಗಳೇ ಕಡಿತವಾದವು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ಕಾರ್ಖಾನೆ ನಿಂತಿದ್ದಷ್ಟು ಕಾಲ ಬೆಳೆಗಾರ ಎಷ್ಟು ಜಾಣನಾಗಿದ್ದರೂ ಕಬ್ಬು ಬೇರೆ ಕಡೆಗೆ ಹೋಗಲೇಬೇಕಿತ್ತು. ಫೋನಿನ ಆಟ ಇಂಥ ಮಳೆಯನ್ನು ಸುರಿಸುವುದಿಲ್ಲ. ಸೋಲಿಗೆ ಬಡ್ಡಿಯನ್ನೂ ಹಾಕುವುದಿಲ್ಲ, ಆದ್ದರಿಂದ ನಷ್ಟ ತಡೆಯುವ ಎದೆಗಾರಿಕೆ ಅದರಿಂದ ಬರುವುದಿಲ್ಲ. ಬರುತ್ತದೆ ಎನ್ನುವವರನ್ನು ನಂಬಬೇಡಿ. ಹಣ ಕಟ್ಟಿ ಆಡುವ ಆಟಗಳು ಅದನ್ನು ಕಲಿಸುತ್ತವೆ ಎಂಬ ವಾದವೂ ಇತ್ತು. ಅವು ಕಲಿಸಿದ್ದು ಸಾಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ಅವನ್ನು ನಿಷೇಧಿಸಿತು.

ಹೀಗೆ ಕಳೆದು ಕಳೆದು ಉಳಿಯುವುದು ಚಿಕ್ಕದು, ಆದರೆ ಪೊಳ್ಳಲ್ಲ. ಕೆ.ಆರ್. ಪೇಟೆಯಲ್ಲೋ ಶ್ರೀರಂಗಪಟ್ಟಣದಲ್ಲೋ ಅಂಗಡಿ, ಆಲೆಮನೆ, ಡೇರಿ ನಡೆಸುವ ಮನೆಯ ಹುಡುಗರು ಹೇಗೂ ಆಡುತ್ತಾರೆ. ಅವರಿಗೆ ಐದು ಓವರಿನ ಹತ್ತು ಪಂದ್ಯ, 20 ಓವರಿನ ಹತ್ತು ಪಂದ್ಯ ಆಡಲು ಹೇಳಿ. ಪ್ರತಿ ವಿಕೆಟ್ ಬಿದ್ದಾಗ ಎಷ್ಟು ಓವರ್ ಬಾಕಿಯಿತ್ತು, ಆ ಹೊಡೆತಕ್ಕೆ ಯಾಕೆ ಕೈಹಾಕಿದೆ ಎಂದು ಒಂದು ಪುಸ್ತಕದಲ್ಲಿ ಬರೆಸಿ. ಮುಂದಿನ ಹಂಗಾಮಿಗೆ ಅದೇ ಪುಸ್ತಕದ ಎಡಪುಟದಲ್ಲಿ ಉಳಿದ ದಿನಗಳನ್ನೂ ಬಲಪುಟದಲ್ಲಿ ಉಳಿದ ಹಣ, ಆಳು, ಕಡವನ್ನೂ ಅವರ ಕೈಯಿಂದಲೇ ಬರೆಸಿ ನೋಡಿ.